ಹಸಿರಾದ ಡಂಪ್‌ನಲ್ಲಿ ಕುರಿಗೆ ಮೇವಿದೆಯೇ?

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಸಾಲು. ಮೆಟ್ಟಿಲು ಮೆಟ್ಟಿಲಾಗಿ ಕಡಿದಿರುವ ಕೆಂಪು ಭಾಗ ಕಬ್ಬಿಣದ ಅದಿರಿನ ಗಣಿ. ಅದರ ಕೆಳಗೆ ಹರಡಿರುವ ಹಸಿರು ದಿಬ್ಬ ಮಾತ್ರ ಹುಟ್ಟು ಗುಡ್ಡವಲ್ಲ. ಅದಿರಿಗಾಗಿ ಬಗೆದು ಹೊರಹಾಕಿದ ಮಣ್ಣು ಮತ್ತು ಕಲ್ಲಿನ ರಾಶಿ. ಗಣಿಯವರ ಮಾತಿನಲ್ಲಿ ಅದು ಡಂಪ್. ದೂರದಿಂದ ನೋಡಿದವರಿಗೆ ಇಲ್ಲಿನ ಕೆಲಸ ಮುಗಿದಿದೆ ಎನ್ನಿಸುವಷ್ಟು ಅದು ಹಸಿರಾಗಿದೆ. ಆದರೆ ಆ ಹಸಿರಿನಲ್ಲಿ ಕುರಿ ಬಾಯಿ ಹಾಕುವಂಥದ್ದು ಎಷ್ಟು, ಕರಡಿಗೆ ಹಣ್ಣು ಕೊಡುವಂಥದ್ದು ಎಷ್ಟು ಎಂದು ಕೇಳಿದಾಗಲೇ ನಿಜವಾದ ಲೆಕ್ಕ ಶುರುವಾಗುತ್ತದೆ.

ಹಿನ್ನೆಲೆ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವುದೇ. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿಯೂ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮತ್ತೆ ಆರಂಭಿಸಬೇಕಾದರೆ ಪ್ರತಿ ಗುತ್ತಿಗೆಗೂ ಪುನಶ್ಚೇತನ ಯೋಜನೆ ಇರಬೇಕೆಂಬ ಷರತ್ತು ಬಂದಿತು. ತಡೆಗೋಡೆ, ಕಾಲುವೆ, ಚೆಕ್ ಡ್ಯಾಂ, ಇಳಿಜಾರಿನ ಮೇಲೆ ತೆಂಗಿನ ನಾರಿನ ಬಲೆ ಇವೆಲ್ಲ ಆ ಯೋಜನೆಗಳ ಭಾಗ, ಮತ್ತು ಮಳೆಗಾಲದಲ್ಲಿ ಕೆಂಪು ಕೆಸರು ಹೊಲಗಳಿಗೂ ಕೆರೆಗಳಿಗೂ ಇಳಿಯುವುದನ್ನು ತಡೆಯಲು ಇವು ಅಗತ್ಯ. ಆದರೆ ಮಣ್ಣು ಜಾರದಂತೆ ಹಿಡಿದಿಡುವುದು ಒಂದು ಕೆಲಸ, ಮೇಯಲು ಯೋಗ್ಯವಾದ ನೆಲವನ್ನು ಕಟ್ಟುವುದು ಇನ್ನೊಂದು ಕೆಲಸ. ಈ ಎರಡನೆಯದನ್ನು ಸ್ಪಷ್ಟ ಮಾತಿನಲ್ಲಿ ಹೇಳಿದ್ದು 2020ರ ಜನವರಿ 8ರ ಸುಪ್ರೀಂ ಕೋರ್ಟ್ ಆದೇಶ. ಗಣಿಗಾರಿಕೆ ಮುಗಿದ ಮೇಲೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿಯೇ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು, ಸಸ್ಯ ಮತ್ತು ಪ್ರಾಣಿಗಳಿಗೆ ಯೋಗ್ಯವಾಗುವಂತೆ ಅದನ್ನು ಮರಳಿಸಬೇಕೆಂಬ ಷರತ್ತನ್ನು ದೇಶದ ಎಲ್ಲ ಗಣಿ ಗುತ್ತಿಗೆಗಳಲ್ಲಿಯೂ ಸೇರಿಸುವಂತೆ ನ್ಯಾಯಾಲಯ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ನ್ಯಾಯಾಲಯ ಕೇಳಿದ್ದು ಹುಲ್ಲನ್ನು. ಆದರೂ ನಮ್ಮಲ್ಲಿ ಪುನಶ್ಚೇತನವೆಂದರೆ ನೆಟ್ಟ ಸಸಿಗಳ ಸಂಖ್ಯೆ ಎಂಬ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಹುಲ್ಲು ಬೆಳೆಸುವುದು ಸಸಿ ನೆಡುವುದಕ್ಕಿಂತ ಸುಲಭವೆಂದು ತಿಳಿಯಬೇಡಿ. ಡಂಪ್‌ನ ಒಡಲಲ್ಲಿರುವುದು ಮಣ್ಣು ಎನ್ನುವುದಕ್ಕಿಂತ ಪುಡಿಯಾದ ಕಲ್ಲು. ಅದರಲ್ಲಿ ಸಾವಯವ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಸಾರಜನಕವೂ ಇಲ್ಲ. ಇರುವಷ್ಟು ರಂಜಕವನ್ನು ಕಬ್ಬಿಣದ ಆಕ್ಸೈಡ್ ಗಟ್ಟಿಯಾಗಿ ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಬೇಸಿಗೆಯಲ್ಲಿ ಮೇಲ್ಮೈ ಕಾದು, ಮೊಳೆತ ಎಳೆಯ ಸಸಿ ಸುಟ್ಟುಹೋಗುತ್ತದೆ. ಆದ್ದರಿಂದಲೇ ಗಣಿ ತೆರೆಯುವ ಮೊದಲ ದಿನ ಕೆರೆದು ತೆಗೆಯುವ ಮೇಲ್ಮಣ್ಣಿಗೆ ಅಷ್ಟು ಬೆಲೆ. ಆ ಒಂದು ಗೇಣು ಮಣ್ಣಿನಲ್ಲಿ ಊರಿನ ಹುಲ್ಲುಗಳ ಬೀಜವಿರುತ್ತದೆ, ಬೇರಿಗೆ ನೆರವಾಗುವ ಶಿಲೀಂಧ್ರವಿರುತ್ತದೆ. ಅದನ್ನು ಎತ್ತರದ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಆ ಜೀವಗಳು ಸಾಯುತ್ತವೆ. ತಗ್ಗಾಗಿ ಹರಡಿ, ಆದಷ್ಟು ಬೇಗ ಬೇರೊಂದು ಇಳಿಜಾರಿಗೆ ಹೊದಿಸಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಯಾವುದೇ ಗಣಿಯ ಪುನಶ್ಚೇತನವನ್ನು ಪರೀಕ್ಷಿಸಲು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮೇಲ್ಮಣ್ಣು ಎಲ್ಲಿದೆ?

ಯಾವ ಹುಲ್ಲು ಎಂಬುದೂ ಮುಖ್ಯ. ಲಾವಂಚದ ಬೇರು ಇಳಿಜಾರನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬಲಿತ ಲಾವಂಚವನ್ನು ಕುರಿ ಮೂಸಿಯೂ ನೋಡುವುದಿಲ್ಲ. ಅಂಜನ್ ಹುಲ್ಲು ಒಣಭೂಮಿಗೆ ಒಗ್ಗಿದ ಒಳ್ಳೆಯ ಮೇವು. ಅದರ ಜೊತೆಗೆ ಸ್ಟೈಲೋ ಬಿತ್ತಿದರೆ ಆ ದ್ವಿದಳ ಸಸ್ಯವು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ, ದನಕರುಗಳಿಗೂ ಆಗುತ್ತದೆ. ಕೆಲವು ಬೆಟ್ಟದ ಹುಲ್ಲುಗಳು ಎಳೆಯದಿದ್ದಾಗ ಸೊಗಸಾದ ಮೇವು, ಬೀಜ ಕಟ್ಟಿದ ಮೇಲೆ ಅವುಗಳ ಊಬು ಕುರಿಯ ಬಾಯಿಗೂ ಉಣ್ಣೆಗೂ ಚುಚ್ಚಿಕೊಳ್ಳುತ್ತದೆ. ಯಾವ ತಿಂಗಳಲ್ಲಿ ಮೇಯಿಸಬೇಕು ಎಂಬುದು ಕುರಿಗಾಹಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಇನ್ನು ಏನನ್ನೂ ಬಿತ್ತದೆ ಬಿಟ್ಟರೆ ಬರುವುದು ಬಳ್ಳಾರಿ ಜಾಲಿ. ಅದರ ಕಾಯಿಯನ್ನು ಆಡು ಕುರಿಗಳು ತಿಂದು ಹಿಕ್ಕೆಯ ಮೂಲಕ ಹರಡುತ್ತವೆ, ಅದು ದಟ್ಟವಾದ ಕಡೆ ಹುಲ್ಲು ಏಳುವುದಿಲ್ಲ. ಡ್ರೋನ್ ಚಿತ್ರದಲ್ಲಿ ಮಾತ್ರ ಅದೂ ಹಸಿರೇ.

ಕಾಡುಪ್ರಾಣಿಗಳ ವಿಷಯ ಸ್ವಲ್ಪ ಬೇರೆ. ಇದೇ ಭಾಗದಲ್ಲಿ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಕರಡಿಗೆ ಬೇಕಾದದ್ದು ಬಾರೆ, ಕಾರೆ, ಕವಳೆಯಂಥ ಹಣ್ಣಿನ ಪೊದೆಗಳು, ಗೆದ್ದಲಿನ ಹುತ್ತ, ಹಗಲು ಮಲಗಲು ಬಂಡೆಯ ಸಂದು. ಸಾಲು ಹಿಡಿದು ನೆಟ್ಟ ಅಕೇಶಿಯ ಇದರಲ್ಲಿ ಯಾವುದನ್ನೂ ಕೊಡುವುದಿಲ್ಲ. ಹಳದಿ ಕೊರಳಿನ ಪಿಕಳಾರಕ್ಕೂ ಕಲ್ಲುಗುಡ್ಡದ ಕುರುಚಲೇ ಬೇಕು. ಹಾಗಾಗಿ ಎಲ್ಲ ಇಳಿಜಾರನ್ನೂ ಒಂದೇ ಅಚ್ಚಿನಲ್ಲಿ ನಯಗೊಳಿಸದೆ, ಅಲ್ಲಲ್ಲಿ ಬಂಡೆಗಳ ರಾಶಿಯನ್ನು ಉಳಿಸಿ, ಅದರ ಸುತ್ತ ಪೊದೆ, ತೆರೆದ ಕಡೆ ಹುಲ್ಲು ಎಂದು ಹಂಚುವುದು ಒಳ್ಳೆಯದು. ಪೂರ್ತಿ ಮುಚ್ಚಲಾಗದ ಆಳದ ಗುಂಡಿಗಳಲ್ಲಿ ಮಳೆನೀರು ನಿಲ್ಲುತ್ತದೆ. ಒಂದು ಬದಿಯನ್ನಾದರೂ ಇಳಿಜಾರು ಮಾಡಿಕೊಟ್ಟರೆ ಪ್ರಾಣಿಗಳು ಇಳಿದು ನೀರು ಕುಡಿದು ಹತ್ತಿ ಬರಬಹುದು, ಇಲ್ಲವಾದರೆ ಅದು ಬಾಯಿ ತೆರೆದ ಬಾವಿ.

ಕಾಲಾವಧಿಯ ಬಗ್ಗೆ ಅಮೆರಿಕದ ಒಂದು ನಿಯಮ ಗಮನಾರ್ಹ. ಅಲ್ಲಿನ 1977ರ ಕಲ್ಲಿದ್ದಲು ಗಣಿ ಕಾಯಿದೆಯ ಪ್ರಕಾರ, ವರ್ಷಕ್ಕೆ 26 ಇಂಚು, ಅಂದರೆ ಸುಮಾರು 660 ಮಿಲಿಮೀಟರ್, ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಕಡೆ ಬಿತ್ತನೆಯ ಬಳಿಕ ಕನಿಷ್ಠ 10 ವರ್ಷ ಸಸ್ಯಹೊದಿಕೆಯ ಹೊಣೆ ಕಂಪನಿಯದೇ, ಹೆಚ್ಚು ಮಳೆಯ ಕಡೆ 5 ವರ್ಷ. ಒಣನಾಡಿನಲ್ಲಿ ಒಂದು ಒಳ್ಳೆಯ ಮಳೆಗಾಲದ ಹುಲ್ಲನ್ನು ನೋಡಿ ಯಶಸ್ಸೆಂದು ಬರೆಯಬಾರದು, ಮುಂದಿನ ಬರಗಾಲವನ್ನು ಅದು ದಾಟಬೇಕು ಎಂಬ ತಿಳಿವಳಿಕೆ ಅದರ ಹಿಂದಿದೆ. ನಮ್ಮ ಬಯಲುಸೀಮೆಗೆ ಇದು ಚೆನ್ನಾಗಿ ಹೊಂದುತ್ತದೆ.

ಕೊನೆಗೆ ಉಳಿಯುವುದು ಇಲ್ಲಿ ಯಾರ ದನಕುರಿ ಮೇಯಬೇಕು ಎಂಬ ಪ್ರಶ್ನೆ. ಬೇರು ಗಟ್ಟಿಯಾಗುವ ತನಕ ಕೆಲವು ಮಳೆಗಾಲ ಹಿಂಡನ್ನು ಹೊರಗಿಟ್ಟು, ಹುಲ್ಲನ್ನು ಕೊಯ್ದು ಒಯ್ಯಲು ಮಾತ್ರ ಬಿಡಬೇಕಾಗುತ್ತದೆ. ಸಂಡೂರಿನ ಅನೇಕ ಗಣಿಗಳು ಅರಣ್ಯಭೂಮಿಯಲ್ಲಿರುವುದರಿಂದ ಆ ಕೆಲವು ಮಳೆಗಾಲಗಳು ಶಾಶ್ವತ ಬೇಲಿಯಾಗಿಬಿಡುವ ಅಪಾಯವೂ ಇದೆ. ಗಣಿ ಬರುವ ಮುನ್ನ ಆ ಬೆಟ್ಟಗಳಲ್ಲಿ ಹಿಂಡು ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾಹಿಗಳ ಹಾದಿ, ಋತು ಮತ್ತು ನೀರಿನ ತಾಣಗಳನ್ನು ಗಣಿ ಮುಚ್ಚುವ ಯೋಜನೆಯ ನಕ್ಷೆಯಲ್ಲಿಯೇ ಗುರುತಿಸಿ, ಬೇಲಿ ತೆಗೆಯುವ ವರ್ಷವನ್ನೂ ಅದರಲ್ಲಿ ಬರೆದಿಡುವಂತೆ ಗ್ರಾಮಸಭೆಗಳು ಈಗಲೇ, ಗಣಿ ನಡೆಯುತ್ತಿರುವಾಗಲೇ, ಕೇಳಬೇಕು. ಗುತ್ತಿಗೆದಾರ ಗಂಟುಮೂಟೆ ಕಟ್ಟಿದ ಮೇಲೆ ಆ ಅರ್ಜಿಯನ್ನು ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ.