ಹತ್ತೋರಿಗೆ ನಿಲ್ಲೋಕೊಂದು ಜಾಗ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಬೆಂಗಳೂರಿನ ಸ್ಕೈವಾಕ್‌ಗಳಲ್ಲಿ ಮಂಡಿನೋವಿರೋ ಅಜ್ಜಿಯರು ಅರ್ಧಕ್ಕೇ ನಿಂತು ರೇಲಿಂಗ್ ಹಿಡ್ಕೊಂಡು ಏದುಸಿರು ಬಿಡ್ತಿರೋದನ್ನ ನೀವೂ ನೋಡಿರ್ತೀರ, ಹಿಂದಿರೋರು "ಸ್ವಲ್ಪ ಸೈಡ್ ಬಿಡಿ ಅಮ್ಮಾ" ಅಂತಾರೆ, ಪಾಪ ಎಲ್ಲಿಗೆ ಅಂತ ಸರೀತಾರೆ ಅವರು. ಹತ್ತೋರಿಗೆ ನಿಲ್ಲೋಕೆ, ಕೂರೋಕೆ ಜಾಗ ಬಿಟ್ಟು ಕಟ್ಟಿದ್ರೇನೇ ಅದು ಮೆಟ್ಟಿಲು ಅನ್ನೋಳು ನಾನು.

ಉಕ್ರೇನಿನ ಒಡೆಸ್ಸಾದಲ್ಲಿ ಬಂದರಿನ ಕಡೆಯಿಂದ ಊರಿಗೆ ಹತ್ತೋ ಪೊಟೆಮ್ಕಿನ್ ಮೆಟ್ಟಿಲುಗಳನ್ನೇ ತಗೊಳ್ಳಿ, 1841ರಲ್ಲಿ ಕಟ್ಟಿ ಮುಗಿಸಿದ್ದು, ಈಗ 192 ಮೆಟ್ಟಿಲಿವೆ, ನಡುನಡುವೆ ಅಗಲವಾದ ಲ್ಯಾಂಡಿಂಗ್‌ಗಳು, ಅಂದ್ರೆ ನಿಲ್ಲೋಕೆ ಸಮತಟ್ಟಾದ ಜಾಗಗಳು. ಮೇಲೆ ನಿಂತು ನೋಡಿದ್ರೆ ಬರೀ ಲ್ಯಾಂಡಿಂಗ್‌ಗಳೇ ಕಾಣೋದು, ಮೆಟ್ಟಿಲು ಒಂದೂ ಕಾಣಲ್ಲ, ಅದೇ ಕೆಳಗಿಂದ ನೋಡಿದ್ರೆ ಲ್ಯಾಂಡಿಂಗ್ ಎಲ್ಲಾ ಮಾಯ, ಬರೀ ಮೆಟ್ಟಿಲು! ಸಾಲದ್ದಕ್ಕೆ ಕೆಳಗೆ ಸುಮಾರು 21 ಮೀಟರ್ ಇರೋ ಅಗಲ ಮೇಲೆ ಹೋಗ್ತಾ 13 ಮೀಟರ್ ಹತ್ರಕ್ಕೆ ಬರುತ್ತೆ, ಅದಕ್ಕೇ ಇರೋದಕ್ಕಿಂತ ಉದ್ದ ಅನ್ಸುತ್ತೆ.

ರೋಮಿನ ಸ್ಪ್ಯಾನಿಷ್ ಸ್ಟೆಪ್ಸ್ 1725ರದ್ದು. ತಲೆತಲಾಂತರದಿಂದ ಜನ ಕೂತು ಹರಟ್ತಿದ್ದ ಜಾಗ, 2019ರಿಂದ ಅಲ್ಲಿ ಕೂತ್ರೆ ದಂಡ ಹಾಕ್ತಾರೆ. ಕಲ್ಲು ಉಳಿಸ್ಕೋಬೇಕು ಅನ್ನೋದು ಅರ್ಥ ಆಗುತ್ತೆ, ಆದ್ರೂ ನನಗೆ ಸರಿ ಅನ್ಸಲ್ಲ.

ನಮ್ಮ ಚಾಮುಂಡಿ ಬೆಟ್ಟಕ್ಕೆ ಬನ್ನಿ. ಸುಮಾರು 1000 ಮೆಟ್ಟಿಲು, 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ್ದು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತಾರೆ, ಬೆರಳೆಲ್ಲ ಕೆಂಪಾಗಿರುತ್ತೆ, ಅವಸರ ಅನ್ನೋದೇ ಇಲ್ಲ, ದಾರೀಲಿ ಆ ದೊಡ್ಡ ಕಲ್ಲಿನ ನಂದಿ ಸಿಕ್ತು ಅಂದ್ರೆ ಎಲ್ಲಾರೂ ಅಲ್ಲೇ ಕೂತು ನೀರು ಕುಡ್ದು ಸುಧಾರಿಸ್ಕೊಂಡೇ ಮುಂದಕ್ಕೆ.

ಇನ್ನು ಇಳಿಯೋ ಮೆಟ್ಟಿಲು. ರಾಜಸ್ಥಾನದ ಆಭಾನೇರಿಯಲ್ಲಿರೋ ಚಾಂದ್ ಬಾವಡಿ ಅನ್ನೋ ಮೆಟ್ಟಿಲುಬಾವಿಗೆ 3,500 ಮೆಟ್ಟಿಲು ಅಂತಾರೆ, ಮೂರು ಕಡೆಯಿಂದ್ಲೂ ಇಳಿಯೋ ಹಾಗೆ ಕಟ್ಟಿದ್ದಾರೆ. ಮಳೆಗಾಲದಲ್ಲಿ ನೀರು ಮೇಲೆ ಬರುತ್ತೆ, ಬೇಸಿಗೇಲಿ ತಳ ಸೇರುತ್ತೆ, ನೀರು ಎಲ್ಲೇ ಇದ್ರೂ ಆಗೆಲ್ಲ ಕೊಡ ತಂದೋರ ಕಾಲಡಿಗೆ ಒಂದು ಮೆಟ್ಟಿಲಂತೂ ಇದ್ದೇ ಇರ್ತಿತ್ತು, ಎಂಥಾ ಯೋಚನೆ ನೋಡಿ!

ಅಷ್ಟು ದೂರ ಹೋಗೋಕಾಗ್ದೋರು ಮಲ್ಲೇಶ್ವರದ ನಂದಿ ತೀರ್ಥಕ್ಕೆ ಹೋಗಿ, ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿಗೇ ಇದೆ. ಮಣ್ಣಲ್ಲಿ ಮುಚ್ಚಿಹೋಗಿದ್ದು 1997ರಲ್ಲಿ ಅಗೆದಾಗ ಸಿಕ್ತು. ನಂದಿ ಬಾಯಿಂದ ಬಿದ್ದ ನೀರು ಲಿಂಗದ ಮೇಲೆ ಹರಿದು ಕಲ್ಯಾಣಿಗೆ ಬರುತ್ತೆ, ಸುತ್ತ ಕಲ್ಲಿನ ಮೆಟ್ಟಿಲು, ಎಷ್ಟು ಹೊತ್ತು ಬೇಕಾದ್ರೂ ಕೂರ್ಬಹುದು. ಮಧ್ಯಾಹ್ನ ಬಾಗಿಲು ಹಾಕಿರ್ತಾರೆ, ಬೆಳಗ್ಗೆನೋ ಸಂಜೆನೋ ಹೋಗಿ, ಮನೇಲಿ ಅಜ್ಜಿ ಇದ್ರೆ ಅವರನ್ನೂ ಕರ್ಕೊಂಡು ಹೋಗಿ. ನಮಸ್ಕಾರ.