ಸಾಲಾರ್ ಜಂಗ್‌ನಾಗ ನಮ್ಮೂರ ಹುಕ್ಕಾ

(ದೃಶ್ಯ: ಬೀದರ್ ಕೋಟೆ ಬಾಗಿಲು, ಮುಂಜಾನಿ ಬಿಸಿಲು)

ನಮಸ್ಕಾರ್ರಿ. ಬೀದರಿನ ಶಾಲಿ ಟ್ರಿಪ್ ಅಂದ್ರ ಹೈದರಾಬಾದ್. ಚಾರ್‌ಮಿನಾರ್, ಜೂ, ನಡುವ ಒಂದೆರಡು ತಾಸು ಸಾಲಾರ್ ಜಂಗ್ ಮ್ಯೂಸಿಯಂ. ಸಾಲು ಹಚ್ಚಿ ಒಳಗ ಬಿಡ್ತಾರ, "ಮುಟ್ಟಬ್ಯಾಡ್ರಿ, ಮುಂದ ನಡೀರಿ" ಅಂತಾರ. ಹೊರಗ ಬಂದ ಹುಡುಗಗ ಏನು ನೋಡಿದಿ ಅಂತ ಕೇಳ್ರಿ. "ಗಡಿಯಾರ!" ತಾಸಿಗೊಮ್ಮೆ ಗಡ್ಡದ ಗೊಂಬಿ ಬಂದು ಗಂಟಿ ಬಾರಿಸ್ತದಲ್ಲ, ಅದು. ತಪ್ಪಲ್ಲ ಬಿಡ್ರಿ, ಹನ್ನೆರಡರ ಗಂಟಿಗಿ ನಾನೂ ಅಲ್ಲೇ ಕುಂತು ಬಾಯಿ ತೆರೆದಾವನೇ.

ಆದ್ರ ಅದೇ ಮ್ಯೂಸಿಯಂನಾಗ ಬಿದ್ರಿ ಗ್ಯಾಲರಿ ಅದ. ಬಿದ್ರಿ ಅಂದ್ರ ಕರಿ ಲೋಹದಾಗ ಬೆಳ್ಳಿ ಕೂಡಿಸಿ ಮಾಡೋ ನಮ್ಮ ಬೀದರಿನ ಕುಸುರಿ ಕೆಲಸ. ಹುಕ್ಕಾದ ತಳ, ಪಾನದಾನ, ತಬಕು... ನಮ್ಮೂರ ಮಕ್ಕಳು ಅದರ ಮುಂದಿಂದ ಓಡಿ ಹೋಗ್ತಾವ. ಯಾಕಂದ್ರ ಅದು ಹೆಂಗ ಆತು ಅಂತ ಯಾರೂ ತೋರಿಸಿಲ್ಲ.

(ದೃಶ್ಯ: ಕೆಲಸದ ಕೈ, ಹತ್ತಿರದಿಂದ)

ಅದಕ್ಕ ಹೈದರಾಬಾದಿಗಿ ಹೋಗೋ ಮೊದಲು ಮಕ್ಕಳನ್ನ ಬೀದರಿನ ಚೌಬಾರಾ ಗೋಪುರದ ಹತ್ರ ಬಿದ್ರಿ ಕೆಲಸದವರ ಓಣಿಗಿ ಕರಕೊಂಡು ಹೋಗ್ರಿ. ಬಹುಪಾಲು ಸತು, ಜರಾ ತಾಮ್ರ ಕರಗಿಸಿ ಅಚ್ಚಿಗಿ ಹೊಯ್ತಾರ. ಮೈಲುತುತ್ತದ ನೀರು ಹಚ್ಚಿದ್ರ ಸ್ವಲ್ಪ ಹೊತ್ತು ಕಪ್ಪಾಗ್ತದ. ಆ ಕಪ್ಪಿನ ಮ್ಯಾಲ ಉಳಿಯಿಂದ ಗೆರಿ ಕೊರೆದು, ಬೆಳ್ಳಿ ತಂತಿ ಇಟ್ಟು, ಸುತ್ತಿಗಿಲೆ ಟಕ್ ಟಕ್ ಬಡೀತಾರ. ಆಮ್ಯಾಲ ಉಜ್ಜಿದ್ರ ಎಲ್ಲಾ ಬೂದು ಬಣ್ಣ, ಬೆಳ್ಳಿ ಎಲ್ಲದ ಅಂತನೇ ಗೊತ್ತಾಗಲ್ಲ. ಮಕ್ಕಳ ಮುಖ ಸಣ್ಣದಾಗ್ತದ. ಆಗ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಒಂದು ಥರದ ಉಪ್ಪು ಕಲಸಿ ಬಿಸಿ ವಸ್ತುವಿಗಿ ತಿಕ್ತಾರ. ಒಮ್ಮಿಗೇ ಸತು ಕರ್ರಗಾಗಿ ಬೆಳ್ಳಿ ಹಂಗೇ ಹೊಳೀತದ! ಮಣ್ಣು ಸರಿ ಅದನೋ ಇಲ್ಲೋ ಅಂತ ನಾಲಿಗಿಗಿ ಹಚ್ಚಿ ನೋಡ್ತಾರ. ಇದನ್ನ ನೋಡಿದ ಮ್ಯಾಲ ನಗದ ಮಗು ಇಲ್ಲ.

ಇನ್ನ ಗ್ಯಾಲರಿಗಿ ನಡೀರಿ. ಹತ್ತು ವಸ್ತು ಬ್ಯಾಡ, ಒಂದೇ ಹುಕ್ಕಾ. "ನೀರು ಎಲ್ಲಿ ತುಂಬತಿದ್ರು? ಒಂದು ಹೂವಿಗಿ ಎಷ್ಟು ಎಸಳು?" ಕಾಗದ, ಪೆನ್ಸಿಲ್ ಕೊಟ್ಟು ಸುಮ್ಮನಿರ್ರಿ. ಬೋರ್ಡ್ ಓದಿಸೋ ಆಸೆ ಮಾತ್ರ ಬಿಡ್ರಿ. ಲಂಡನ್‌ನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಾಗೂ ಬಿದ್ರಿ ಅವ. ಅವರ ವೆಬ್‌ಸೈಟಿನಾಗ ಮನಿಯಿಂದಲೇ ದೊಡ್ಡದು ಮಾಡಿ ನೋಡಬಹುದು.

ಕಲಬುರಗಿಯವರೇ, ನಿಮಗ ಹೈದರಾಬಾದ್ ದೂರ ಅಂದ್ರ ಸೇಡಂ ರಸ್ತೆ ಮ್ಯೂಸಿಯಂ ಅದ. ಅದು ಇರೋದೇ ಬಹಮನಿ ಕಾಲದ ಎರಡು ಗುಂಬಜಿನಾಗ. ಕಟ್ಟಡದಿಂದಲೇ ಪಾಠ ಶುರು ಮಾಡ್ರಿ.

ಹಾಂ, ಸಾಲಾರ್ ಜಂಗ್ ಶುಕ್ರವಾರ ಬಂದ್ ಇರ್ತದ. ನಾವೊಮ್ಮೆ ಮಕ್ಕಳನ್ನ ಕಟಗೊಂಡು ಅವತ್ತೇ ಹೋಗಿ, ಗೇಟಿನ ಮುಂದ ಡಬ್ಬಿ ಬಿಚ್ಚಿ ರೊಟ್ಟಿ ತಿಂದು ಬಂದೇವಿ.