ಇಬ್ನ್ ಬತೂತ ಉಂಡ ಊರು ಹೊನ್ನಾವರ

ಈಗ ಕಿಟಕಿಯಾಚೆ ಕಾಣುತ್ತಿರುವುದು ಶರಾವತಿ. ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಇದೇ, ಎರಡು ಕಿಲೋಮೀಟರಿಗೂ ಹೆಚ್ಚು. ಜೋಗದಲ್ಲಿ ಅಷ್ಟೊಂದು ಅಬ್ಬರಿಸಿ ಧುಮುಕಿದ ಹೊಳೆ ಇಲ್ಲಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಸೇತುವೆ ದಾಟಿದರೆ ಹೊನ್ನಾವರ.

ಬಂದದ್ದು ಕಡಲು ನೋಡಲು. ಆದರೆ ಎರಡು ದಿನವೂ ನನ್ನ ಜೊತೆಗಿದ್ದವನು ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ. 14ನೇ ಶತಮಾನದಲ್ಲಿ, 1342ರ ಸುಮಾರಿಗೆ ಅವನು ಈ ಬಂದರಿಗೆ ಬಂದಿದ್ದ. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲಿಯೂ ಕಾಣಲಿಲ್ಲ ಎಂದು ಬರೆದಿಟ್ಟಿದ್ದಾನೆ. ಅರ್ಧ ಲೋಕ ಸುತ್ತಿದ ಮನುಷ್ಯನ ಮಾತಿದು. ನನ್ನ ಅಜ್ಜಿ ಹೆಬ್ಬೆಟ್ಟು ಒತ್ತಿಯೇ ಬದುಕು ಮುಗಿಸಿದವರು. ಆ ಸಾಲನ್ನು ಓದಿದಾಗೆಲ್ಲ ಅವರೇ ನೆನಪಾಗುತ್ತಾರೆ. ಆ ಹದಿಮೂರು ಶಾಲೆಗಳು ಯಾವ ಓಣಿಯಲ್ಲಿದ್ದವೋ ಎಂದುಕೊಳ್ಳುತ್ತಲೇ ಪೇಟೆಯಲ್ಲಿ ನಡೆದೆ.

ಇದು ಹೊಳೆಯ ಆಚೆ ದಡದ ಕಾಸರಕೋಡು. ಗಾಳಿಮರಗಳ ಹಿಂದೆ ಕಾಣುವ ಕಡಲ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ತೀರ ಅಚ್ಚುಕಟ್ಟಾಗಿದೆ, ಆದರೆ ನನ್ನ ಮನಸ್ಸು ನಿಂತದ್ದು ಕಾಂಡ್ಲಾ (ಮ್ಯಾಂಗ್ರೋವ್) ವನದಲ್ಲಿ. ಮರದ ಹಲಗೆಯ ಕಾಲುದಾರಿಯಲ್ಲಿ ಮಂಡಿಯೂರಿ ಕುಳಿತು ತೆಗೆದ ಚಿತ್ರ ಇದು. ಕೆಸರಿನಿಂದ ಪೆನ್ಸಿಲ್ ಮೊನೆಗಳಂತೆ ಎದ್ದಿವೆಯಲ್ಲ, ಅವು ಬೇರುಗಳು. ಕೆಸರಿನೊಳಗೆ ಗಾಳಿಯಾಡುವುದಿಲ್ಲ, ಹಾಗಾಗಿ ಉಸಿರಾಡಲು ಮೇಲೆ ಬಂದಿವೆ. ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು! ಹೀರಿಕೊಂಡ ಉಪ್ಪನ್ನು ಮರ ಎಲೆಯಿಂದಲೇ ಹೊರಹಾಕುತ್ತದೆ. ಅಳಿವೆಯಲ್ಲಿ ಇಳಿತದ ಹೊತ್ತಾಗಿತ್ತು. ಒಂದೇ ಕೊಂಡಿ ದೊಡ್ಡದಾಗಿರುವ ಪುಟ್ಟ ಏಡಿ, ನನ್ನ ನೆರಳು ಬಿದ್ದ ಕೂಡಲೇ ಬಿಲ ಸೇರಿತು. ಇಲ್ಲಿಗೆ ಬಂದರೆ ದಯವಿಟ್ಟು ಒಂದು ಪ್ಲಾಸ್ಟಿಕ್ ಚೀಟಿಯನ್ನೂ ಬಿಡಬೇಡಿ. ಈ ಬೇರುಗಳ ಸಂದಿಯಲ್ಲೇ ಮೀನುಮರಿಗಳು ಬೆಳೆಯುತ್ತವೆ, ಪಕ್ಕದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ.

ದೂರದಲ್ಲಿ, ಕಡಲ ನಡುವೆ ಕಾಣುವ ನಡುಗಡ್ಡೆ ಬಸವರಾಜದುರ್ಗ. ಕೆಳದಿ ನಾಯಕರ ಕಾಲದ ಕೋಟೆ ಅದರ ಮೇಲಿದೆ. ಇತ್ತ ಹೊಳೆಯ ಮೇಲ್ಗಡೆ ಗೇರುಸೊಪ್ಪೆ. 16ನೇ ಶತಮಾನದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. ಅವಳಿಗಾಗಿ ಇನ್ನೊಮ್ಮೆ ಬರುತ್ತೇನೆ, ಒಂದು ಮಧ್ಯಾಹ್ನಕ್ಕೆ ಮುಗಿಯುವ ಕಥೆಯಲ್ಲ ಅದು.

ಕೊನೆಗೆ ಊಟ. ಇಬ್ನ್ ಬತೂತ ಇಲ್ಲಿನ ಸುಲ್ತಾನನ ಮನೆಯ ಊಟವನ್ನೂ ಬರೆದಿದ್ದಾನೆ. ಸೌಟಿನಲ್ಲಿ ಅನ್ನ ಬಡಿಸಿ, ಮೇಲೆ ತುಪ್ಪ ಹಾಕಿ, ಹಸಿ ಕಾಳುಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳನ್ನು ಇಟ್ಟರಂತೆ. ಆಮೇಲೆ ಕೋಳಿ, ಮೀನು, ತರಕಾರಿ. ಎಲ್ಲಕ್ಕೂ ಕೊನೆಯಲ್ಲಿ ಹುಳಿ ಮಜ್ಜಿಗೆ. ಅದು ಬಂತೆಂದರೆ ಇನ್ನೇನೂ ಬಡಿಸುವುದಿಲ್ಲವೆಂದು ತಿಳಿಯಬೇಕು ಎನ್ನುತ್ತಾನೆ.

ಬಸ್ ನಿಲ್ದಾಣದ ಬಳಿಯ ಸಣ್ಣ ಖಾನಾವಳಿಯಲ್ಲಿ ಕುಳಿತಿದ್ದೇನೆ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಎಲೆಯ ತುದಿಯಲ್ಲಿ ಅಪ್ಪೆಮಿಡಿ. ಬಡಿಸುತ್ತಿರುವ ಅಮ್ಮನ ಮೂಗಿನಲ್ಲಿ ಚಿನ್ನದ ನತ್ತು. ಅದನ್ನೂ ಅವನು ಬರೆದಿದ್ದಾನೆ. "ಇನ್ನು ಸ್ವಲ್ಪ ಅನ್ನ ಹಾಕಲೇ ತಂಗಿ?" ಎಂದು ಕೇಳಿದರು. ಸಾಕಮ್ಮ ಎಂದೆ. ತಂಬಿಗೆ ಹಿಡಿದು ಬಂದರು. ಮಜ್ಜಿಗೆ.